ಶೆಡ್ ಒಳಗೆ ನೀರು ಬರ್ತಿದೆ, ಮಳೆ ಇಲ್ದೇ ಇದ್ರೂ ಹಿಂದಿನ ಮೂಲೆ ಒದ್ದೆ, ಏನ್ ಮಾಡೋದು ಹೇಳ್ರಪ್ಪ

ಹಳೇ ಮಾರುತಿ:
ನಮಸ್ಕಾರ ಎಲ್ರಿಗೂ. ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ಮೈಸೂರು ಕುವೆಂಪುನಗರದಲ್ಲಿ ನಮ್ದು 30-40 ಸೈಟು, 1994ರಲ್ಲಿ ಅಪ್ಪ ಕಟ್ಸಿದ್ ಮನೆ. ಕಾರ್ ಶೆಡ್ಡು ಮನೆಗೆ ಅಂಟ್ಕೊಂಡೇ ಇದೆ, ಮುಂದೆ ರೋಲಿಂಗ್ ಶಟರ್, ಗೇಟಿಂದ ಶಟರ್‌ಗೆ ಹದಿನೈದಡಿ ಇಳಿಜಾರು. ಇಪ್ಪತ್ತೈದು ವರ್ಷ ಒಂದು ಹನಿ ನೀರು ಒಳಗೆ ಬಂದಿರ್ಲಿಲ್ಲ. ಈಗೆರಡು ವರ್ಷದಿಂದ ಜೋರು ಮಳೆ ಬಂದ್ರೆ ಶಟರ್ ಕೆಳಗಿಂದ ನುಗ್ಗತ್ತೆ, ಅದು ಸಾಲ್ದು ಅಂತ ಹಿಂದೆ ಮೋಟರ್ ಇಟ್ಟಿರೋ ಮೂಲೆ ಯಾವಾಗ ನೋಡಿದ್ರೂ ಒದ್ದೆ. ಹೋದ ವರ್ಷ ಒಬ್ರು ವಾಟರ್‌ಪ್ರೂಫಿಂಗ್‌ನವ್ರು ಬಂದು ನೆಲಕ್ಕೂ ಗೋಡೆಗೂ ಮೂರಡಿ ಎತ್ತರಕ್ಕೆ ಏನೋ ಬಳಿದು 14,000 ಇಸ್ಕೊಂಡು ಹೋದ್ರು, ಆರು ತಿಂಗ್ಳಿಗೆ ಅದು ಹಪ್ಪಳದ ಥರ ಎದ್ದು ಬಂತು, ಹಿಂದೆ ಬಿಳೀ ಉಪ್ಪು.

ಈ ಸಲ ಆಯುಧ ಪೂಜೆ ದಿನ ಕಾರು ಸ್ಕೂಟರ್ ಎಲ್ಲ ತೊಳ್ದು ಪೂಜೆ ಮಾಡಿ ಗೇಟ್ ಹತ್ರ ಬೂದುಗುಂಬಳಕಾಯಿ ಒಡೆದ್ವಿ, ಸಂಜೆ ಹುಯ್ತು ನೋಡಿ ಮಳೆ, ಬೆಳಿಗ್ಗೆ ಶಟರ್ ಎತ್ತಿದ್ರೆ ಮುಂದೆ ಅರ್ಧ ಶೆಡ್ ನೀರು, ಕುಂಬಳಕಾಯಿ ಬೀಜ ಎಲ್ಲ ತೇಲ್ತಿದೆ. ಹಿಂದೆ ಮೂಲೇಲೂ ನೀರು. ಇನ್ವರ್ಟರ್ ಬ್ಯಾಟರಿ ಸ್ಟ್ಯಾಂಡ್ ಮೇಲಿದ್ದಿದ್ದಕ್ಕೆ ಬಚಾವ್. ಫೋಟೋ ಹಾಕಿದೀನಿ. ಈಗ ಇನ್ನೊಬ್ರು ಬಂದು ಪೂರ್ತಿ ನೆಲ ಒಡೆದು ಹೊಸದಾಗಿ ಹಾಕ್ಬೇಕು, 85,000 ಆಗತ್ತೆ ಅಂತಿದಾರೆ. ಮಾಡ್ಸಲಾ ಬೇಡ್ವಾ?

ಒಗ್ಗರಣೆ:
ಬೇಡ. ಓದಿದ್ ತಕ್ಷಣ ಹೇಳ್ತಿದೀನಿ ಬೇಡ. ಹೊಟ್ಟೆನೋವಿಗೆ ಹೊಟ್ಟೆ ಮೇಲೆ ಪೇಂಟ್ ಹೊಡೆದ ಹಾಗಾಗತ್ತೆ.

ಬೋಗಾದಿಯವ:
ಮೊದ್ಲು ಆ ಮೂಲೇಲಿರೋ ಮೋಟರ್ ಸ್ವಿಚ್ಚು, ಇನ್ವರ್ಟರ್ ಪ್ಲಗ್ಗು ಎಷ್ಟು ಎತ್ತರದಲ್ಲಿದೆ ನೋಡಿ ಸಾರ್. ನೀರಲ್ಲಿ ಬರಿಗಾಲಲ್ಲಿ ನಿಂತು ಮೋಟರ್ ಆನ್ ಮಾಡೋ ಕೆಲ್ಸ ಯಾರೂ ಮಾಡ್ಬೇಡಿ ಮನೇಲಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್ಚು) ಇಲ್ದಿದ್ರೆ ಹಾಕ್ಸಿ, ಉಳಿದದ್ದೆಲ್ಲ ಆಮೇಲೆ.

ಹಳೇ ಮಾರುತಿ:
ಸ್ವಿಚ್ ಬೋರ್ಡ್ ನಾಲ್ಕಡಿ ಮೇಲಿದೆ. ಆರ್‌ಸಿಸಿಬಿ ಇಲ್ಲ, ಹಳೇ ಫ್ಯೂಸ್ ಕ್ಯಾರಿಯರ್ರೇ. ಎಲೆಕ್ಟ್ರಿಷಿಯನ್‌ಗೆ ಇವತ್ತೇ ಫೋನ್ ಮಾಡ್ತೀನಿ.

ಸೈಟ್ ಇಂಜಿನಿಯರಮ್ಮ:
ಫೋಟೋ ದೊಡ್ಡದು ಮಾಡ್ಕೊಂಡು ನೋಡ್ದೆ. ನಿಮ್ಗೆ ಗೊತ್ತಿಲ್ದೇನೇ ಒಂದು ಒಳ್ಳೇ ಟೆಸ್ಟ್ ಮಾಡ್ಬಿಟ್ಟಿದೀರ. ಕುಂಬಳಕಾಯಿಗೆ ತುಂಬಿದ್ದ ಕುಂಕುಮ ಗೇಟಿಂದ ಇಳಿಜಾರಲ್ಲಿ ಕೆಂಪಗೆ ಗೆರೆ ಎಳ್ಕೊಂಡು ಶಟರ್ ದಾಟಿ ಒಳಗೆ ಬಂದಿದೆ ನೋಡಿ, ಮುಂದಿನ ಚಕ್ರದ ಹತ್ರ ನಿಂತಿರೋ ನೀರೂ ತೆಳ್ಳಗೆ ಕೆಂಪಿದೆ. ಹಿಂದಿನ ಮೂಲೆ ನೀರು ಕನ್ನಡಿ ಥರ ತಿಳಿ ಇದೆ. ನಾವು ನೀರು ಎಲ್ಲಿಂದ ಬಂತು ಅಂತ ಹುಡ್ಕೋಕೆ ಬಣ್ಣ ಹಾಕಿ ನೋಡೋದು ಇದಕ್ಕೇನೇ. ಒಂದ್ ಪ್ರಶ್ನೆ, ಕಾರ್ ಕೆಳಗೆ, ಅಂದ್ರೆ ಮಧ್ಯದ ನೆಲ, ಒದ್ದೆ ಇತ್ತಾ?

ಹಳೇ ಮಾರುತಿ:
ಇಲ್ಲ ಮೇಡಂ! ಕಾರ್ ಹಿಂದಕ್ಕೆ ತೆಗ್ದಾಗ ಮಧ್ಯೆ ಒಣಗಿತ್ತು, ನಾನು ಕಾರ್ ನಿಂತಿದ್ದಕ್ಕೆ ಅಂದ್ಕೊಂಡೆ.

ಸೈಟ್ ಇಂಜಿನಿಯರಮ್ಮ:
ಕಾರೇನು ಕೊಡೆನಾ. ಹಾಗಿದ್ರೆ ನಿಮ್ಗೆ ಇರೋದು ಎರಡು ನೀರು. ಮುಂದಿಂದು ಮಳೆ ನೀರು, ಅದು ಹೇಗೆ ಬರತ್ತೆ ಅಂತ ಕಣ್ಣಿಗೇ ಕಾಣತ್ತೆ. ಹಿಂದಿಂದು ಬೇರೆ. ಎರಡನ್ನೂ ಒಂದೇ ಕಾಯಿಲೆ ಅಂದ್ಕೊಂಡು ಒಂದೇ ಡಬ್ಬಿ ಕೆಮಿಕಲ್ ಬಳಿದ್ರೆ ಎರಡೂ ವಾಸಿ ಆಗಲ್ಲ. ಒಳಗಿಂದ ಬಳಿಯೋ ಕೋಟಿಂಗ್‌ಗೆ ಇನ್ನೊಂದು ತೊಂದ್ರೆ ಏನಂದ್ರೆ ನೀರು ಹಿಂದಿಂದ ತಳ್ತಿರತ್ತೆ, ಗೋಡೆ ಒಳಗಿರೋ ಉಪ್ಪು ಕರಗಿ ಮೇಲಕ್ಕೆ ಬಂದು ಹರಳುಗಟ್ಟತ್ತೆ, ಅದೇ ಆ ಕೋಟಿಂಗ್‌ನ ಎತ್ತಿ ಬಿಸಾಕೋದು. ನೀವು ಹಪ್ಪಳ ಅಂದ್ರಲ್ಲ, ಅದೇ.

ಒಂದು ವಾರ ನೋಟ್‌ಬುಕ್ಕಲ್ಲಿ ಬರೀರಿ. ದಿನಾ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂಲೆ ಹೇಗಿದೆ, ಮಳೆ ಬಂತಾ, ನಲ್ಲಿ ನೀರು ಯಾವ ದಿನ ಬಂತು, ಮೋಟರ್ ಎಷ್ಟೊತ್ತಿಗೆ ಹಾಕಿದ್ರಿ, ಪಕ್ಕದ್ಮನೆಯವ್ರು ಗಿಡಕ್ಕೆ ನೀರು ಬಿಟ್ರಾ, ಎಲ್ಲ. ಜೊತೆಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಶೀಟ್ ಎರಡು ತಗೊಂಡು, ಒಂದು ಮಧ್ಯದ ನೆಲಕ್ಕೆ, ಒಂದು ಮೂಲೆ ಹತ್ರ ನೆಲ ಒರೆಸಿ ಒಣಗಿಸಿ ನಾಲ್ಕೂ ಕಡೆ ಟೇಪ್ ಹಾಕಿ ಅಂಟ್ಸಿ. ಮಾರನೇ ದಿನ ಶೀಟ್ ಕೆಳಗೆ ಹನಿ ಇದ್ರೆ ನೆಲದಿಂದ ಬರ್ತಿದೆ, ಮೇಲೆ ಹನಿ ಇದ್ರೆ ಗಾಳೀಲಿರೋ ತೇವ.

ನಾಲೆ ಏರಿ ಮ್ಯಾಲೆ:
ನಾವು ಮಂಡ್ಯ ಕಡೆಯವ್ರು. ನಮ್ಮಲ್ಲಿ ಮಳೆ ಒಂದೇ ಲೆಕ್ಕಕ್ಕಿಲ್ಲ ಕಣಣ್ಣ. ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಆಗಿ ವಿಸಿ ನಾಲೇಗೆ, ಅಂದ್ರೆ ವಿಶ್ವೇಶ್ವರಯ್ಯ ನಾಲೇಗೆ, ನೀರ್ ಬುಟ್ರು ಅಂದ್ರೆ ಹದಿನೈದು ದಿನಕ್ಕೆ ಟ್ರಾಕ್ಟರ್ ಶೆಡ್ ನೆಲ ತ್ಯಾವ ಏರ್ತದೆ, ಗದ್ದೆಗಳೆಲ್ಲ ನೀರ್ ಕುಡ್ದು ಅಂತರ್ಜಲ ಮ್ಯಾಕ್ ಬತ್ತದೆ. ಬ್ಯಾಸಗೇಲಿ ನಾಲೆ ನಿಂತ್ರೆ ತಾನೇ ಒಣಗ್ತದೆ. ನಮ್ಮಪ್ಪ ಮೂರು ಸಲಿ ನೆಲಕ್ಕೆ ಗಾರೆ ಹಾಕ್ಸುದ್ರು, ಮೂರು ಸಲೀನೂ ಎದ್ದೋಯ್ತು. ಕೊನೇಗೆ ಶೆಡ್ಡಿನ ಮ್ಯಾಗಡೆ ಮಗ್ಗುಲಿಗೆ, ನೆಲದ ಮಟ್ಟಕ್ಕಿಂತ ಎರಡಡಿ ಆಳಕ್ಕೆ ಬಸಿಗಾಲುವೆ ತೋಡಿ, ತೂತಿರೋ ಪೈಪ್ ಹಾಕಿ ಮ್ಯಾಲೆ ಜಲ್ಲಿ ತುಂಬಿ ತಗ್ಗಿನ ಗದ್ದೆಗೆ ಬುಟ್ವಿ. ಅಲ್ಲಿಂದ ಇಲ್ಲೀಗಂಟ ತಂಟೆ ಇಲ್ಲ. ಗದ್ದೆಗೆ ಮಾಡೋ ಕೆಲ್ಸ ಮನೆಗ್ಯಾಕ್ ಮಾಡ್ಬಾರ್ದು? ನಿಮ್ ಸುತ್ತಮುತ್ತ ಹಳೇ ಬಾವಿ ಇದ್ರೆ ನೀರ್ ಎಷ್ಟು ಆಳದಲ್ಲದೆ ಬಗ್ಗಿ ನೋಡಿ.

ಹಳೇ ಮಾರುತಿ:
ಹಿಂದಿನ ರೋಡಲ್ಲಿ ಒಂದು ಹಳೇ ಬಾವಿ ಇದೆ ಅಣ್ಣ, ಜಾಲರಿ ಮುಚ್ಚಿದಾರೆ. ಕಲ್ಲು ಹಾಕಿ ನೋಡ್ದೆ, ಶಬ್ದ ಬರೋಕೆ ಒಳ್ಳೇ ಟೈಮ್ ತಗೊಳತ್ತೆ, ನೀರು ತುಂಬಾ ಆಳ. ಬಸಿನೀರು ಅಲ್ಲ ಅನ್ಸತ್ತೆ.

ಒಗ್ಗರಣೆ:
ವಾಸ್ತು ನೋಡ್ಸಿದ್ರಾ? ತಮಾಷೆಗೆ ಕೇಳಿದ್ದಲ್ಲ. ಆ ಕಾಲದ ಮನೆಗಳಲ್ಲಿ ಈಶಾನ್ಯಕ್ಕೇ ಸಂಪು ಬರ್ಬೇಕು ಅಂತ ಎಲ್ಲೆಲ್ಲೋ ತೂರಿಸಿರ್ತಾರೆ. ನಿಮ್ಮ ಸಂಪ್ ಎಲ್ಲಿದೆ?

ಹಳೇ ಮಾರುತಿ:
ಈಶಾನ್ಯದಲ್ಲೇ 😀 ಇಳಿಜಾರಿನ ಪಕ್ಕ, ಶಟರ್‌ಗೂ ಅದಕ್ಕೂ ಮೂರಡಿ. ಆದ್ರೆ ಒದ್ದೆ ಆಗ್ತಿರೋದು ಅದರ ಎದುರು ಕೊನೆ, ಹದಿನೆಂಟು ಅಡಿ ದೂರದ ಮೂಲೆ. ಸಂಪ್ ಸೋರಿದ್ರೆ ಶಟರ್ ಹತ್ರ ತಾನೇ ಬರ್ಬೇಕು?

ನಿವೃತ್ತ ಮೇಷ್ಟ್ರು:
ನೀರಿಗೆ ನಿಮ್ಮ ತರ್ಕ ಗೊತ್ತಿಲ್ಲ ಸ್ವಾಮಿ. ಸುಲಭದ ದಾರಿ ಎಲ್ಲಿದೆಯೋ ಅಲ್ಲಿ ಹೋಗತ್ತೆ. ಸಂಪಿಂದ ಮೋಟರಿಗೆ ಪೈಪು ಎಲ್ಲಿ ಹೋಗಿದೆ?

ಹಳೇ ಮಾರುತಿ:
ನೆಲದ ಕೆಳಗೆ... ಅಯ್ಯೋ.

ಬೋಗಾದಿಯವ:
ಅಯ್ಯೋ ಅನ್ನೋಕೆ ಇನ್ನೂ ಟೈಮಿದೆ, ಮೊದ್ಲು ಟೆಸ್ಟ್ ಮಾಡಿ. ಆರ್‌ಓ ಸರ್ವೀಸ್‌ನವ್ರ ಹತ್ರ ಪೆನ್ ಥರದ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಉಪ್ಪು ಎಷ್ಟಿದೆ ಅಂತ ತೋರ್ಸೋದು) ಇರತ್ತೆ, ಸಂಪ್ ನೀರು, ಮೂಲೆ ನೀರು, ಪಕ್ಕದ್ಮನೆ ಬೋರ್ ನೀರು ಮೂರನ್ನೂ ನೋಡಿ.

ಇನ್ನೊಬ್ಬ ಮೈಸೂರಿಗ:
ಸಂಪಿಗೆ ಹೋಳಿ ಬಣ್ಣ ಒಂದು ಪ್ಯಾಕೆಟ್ ಸುರೀರಿ, ಮೂಲೇಲಿ ಬಣ್ಣ ಬಂದ್ರೆ ಮುಗೀತು.

ಸೈಟ್ ಇಂಜಿನಿಯರಮ್ಮ:
ದಯವಿಟ್ಟು ಬೇಡ, ಕುಡಿಯೋ ನೀರು ಅದು. ಸಂಪಿಗೆ ಬಣ್ಣ ಬೇಕಾಗೇ ಇಲ್ಲ, ಒಂದು ಕೋಲು ಸಾಕು. ನೀರು ಬಂದು ಸಂಪ್ ತುಂಬಿದ್ ದಿನ ರಾತ್ರಿ ಮಲಗೋ ಮುಂಚೆ ಬರೋ ವಾಲ್ವ್ ಮುಚ್ಚಿ, ಮೋಟರ್ ಹಾಕ್ಬೇಡಿ, ಕೋಲಲ್ಲಿ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಮತ್ತೆ ನೋಡಿ. ಸಂಪಿನ ಒಳಗಿನ ಅಳತೆ ಎಷ್ಟು?

ಹಳೇ ಮಾರುತಿ:
6 ಅಡಿ, 5 ಅಡಿ, ಆಳ 6 ಅಡಿ.

ಸೈಟ್ ಇಂಜಿನಿಯರಮ್ಮ:
ಅಂದ್ರೆ ತುಂಬಿದ್ರೆ ಸುಮಾರು 5,000 ಲೀಟರ್. ಒಂದು ಇಂಚು ಇಳಿದ್ರೆ 70 ಲೀಟರ್ ಚಿಲ್ಲರೆ ಹೋಯ್ತು ಅಂತ ಲೆಕ್ಕ. ಎಷ್ಟು ಇಳೀತು ಅನ್ನೋದಕ್ಕಿಂತ ಎಲ್ಲಿಗೆ ಬಂದು ನಿಲ್ಲತ್ತೆ ಅನ್ನೋದು ಮುಖ್ಯ. ತಳ ಸೀಳಿದ್ರೆ ಇಳೀತಾನೇ ಇರತ್ತೆ. ಒಂದು ಮಟ್ಟಕ್ಕೆ ನಿಂತ್ರೆ ತೂತು ಅದೇ ಎತ್ತರದಲ್ಲಿದೆ. ಮತ್ತೆ, ಯಾವ ಕಾರಣಕ್ಕೂ ಸಂಪ್ ಒಳಗೆ ಒಬ್ರೇ ಇಳೀಬೇಡಿ, ಮುಚ್ಚಿದ್ ಸಂಪಲ್ಲಿ ಆಮ್ಲಜನಕ ಕಮ್ಮಿ ಇರತ್ತೆ, ಉಸಿರುಗಟ್ಟಿ ಸತ್ತಿರೋರಿದಾರೆ. ಮುಚ್ಚಳ ಮೊದ್ಲೇ ತೆಗೆದು ಫ್ಯಾನಲ್ಲಿ ಗಾಳಿ ಆಡ್ಸಿ, ಮೇಲೊಬ್ರು ನಿಂತಿರ್ಬೇಕು.

(ಆರು ದಿನ ಆದ್ಮೇಲೆ)

ಹಳೇ ಮಾರುತಿ:
ವರದಿ ಒಪ್ಪಿಸ್ತಿದೀನಿ. ಅಪ್ಪನಿಗೆ ಈಗ ಇದೇ ಕೆಲ್ಸ, ನೋಟ್‌ಬುಕ್ ಅವರ ಕೈಲೇ ಇದೆ, ನಾನು ಮುಟ್ಟಿದ್ರೆ ಬೈತಾರೆ.

ಪ್ಲಾಸ್ಟಿಕ್ ಶೀಟು: ಮಧ್ಯದ್ದು ಎರಡೂ ಕಡೆ ಒಣಗಿದೆ, ಮೂಲೆದರ ಕೆಳಗೆ ಹನಿ ಹನಿ. ಟಿಡಿಎಸ್: ಸಂಪ್ 160, ಪಕ್ಕದ್ಮನೆ ಬೋರ್ 900, ಮೂಲೆ 310. ಇದರ ಅರ್ಥ ನಂಗಾಗ್ಲಿಲ್ಲ, ಎರಡರ ಮಧ್ಯೆ ಎಲ್ಲೋ ಇದೆ.

ನೋಟ್‌ಬುಕ್ಕು: ಆರು ದಿನದಲ್ಲಿ ಮಳೆ ಎರಡೇ ದಿನ, ಮೂಲೆ ಒದ್ದೆ ಜಾಸ್ತಿ ಆಗಿದ್ದು ಮೂರು ದಿನ. ಆ ಮೂರೂ ದಿನ ನಲ್ಲಿ ನೀರು ಬಂದ ದಿನ. ನಮ್ಮಲ್ಲಿ ದಿನ ಬಿಟ್ಟು ದಿನ ಬೆಳಗಿನ ಜಾವ ಬರತ್ತೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೂಲೆ ಹೊಳೆಯೋಕೆ ಶುರು. ಎರಡು ವರ್ಷದಿಂದ ಇದನ್ನ ಮಳೆ ತಲೆಗೆ ಕಟ್ತಿದ್ವಿ ನಾವು.

ಕೋಲು: ಹಳೇ ಕರ್ಟನ್ ರಾಡ್‌ಗೆ ಸೀಮೆಸುಣ್ಣ ಬಳ್ಕೊಂಡು ಇಳಿಸಿದ್ವಿ, ಒದ್ದೆ ಆದ್ ಕಡೆ ಗೆರೆ ಸ್ಪಷ್ಟ ಕಾಣತ್ತೆ. ಅಡುಗೆಗೆ ಎರಡು ದಿನ ಕ್ಯಾನ್ ತರ್ಸಿ ಮೋಟರ್ ಮುಟ್ಟೇ ಇಲ್ಲ. ಮೊದಲ ರಾತ್ರಿ 5 ಇಂಚು ಇಳೀತು. ಎರಡನೇ ರಾತ್ರಿ 3 ಇಂಚು. ಮೂರನೇ ರಾತ್ರಿ ಒಂದಿಂಚು. ಆಮೇಲೆ ಅಲ್ಲಾಡ್ಲಿಲ್ಲ. ತುಂಬಿದ ಮಟ್ಟದಿಂದ ಸರಿಯಾಗಿ 9 ಇಂಚು ಕೆಳಗೆ. ಟಾರ್ಚ್ ಹಾಕಿ ನೋಡಿದ್ರೆ ಆ ಗೆರೆ ನೇರಕ್ಕೇ ಮೋಟರ್‌ಗೆ ಹೋಗೋ ಪೈಪು ಗೋಡೆ ತೂರಿರೋ ಜಾಗ ಇದೆ.

ಒಗ್ಗರಣೆ:
9 ಇಂಚು ಇಂಟು 70. 630 ಲೀಟರ್ ನಿಮ್ಮ ಶೆಡ್ ಕುಡ್ದಿದೆ ಗುರು. ನಾವು ಬಕೆಟ್ ಲೆಕ್ಕ ಹಾಕ್ತೀವಿ.

ಸೈಟ್ ಇಂಜಿನಿಯರಮ್ಮ:
ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ, ನನ್ನ ಸೈಟ್ ಸೂಪರ್‌ವೈಸರ್‌ಗಳೂ ಇಷ್ಟು ನೀಟಾಗಿ ಬರೆಯಲ್ಲ. ಇಳಿತ ದಿನಾ ಕಮ್ಮಿ ಆಗ್ತಾ ಬಂದಿದೆ ನೋಡಿ, ತೂತಿನ ಮೇಲೆ ನಿಂತಿರೋ ನೀರು ಕಮ್ಮಿ ಆದಷ್ಟೂ ಒತ್ತಡ ಕಮ್ಮಿ, ಸೋರೋದೂ ನಿಧಾನ. ಟಿಡಿಎಸ್ 310 ಬಗ್ಗೆ ತಲೆ ಕೆಡಿಸ್ಕೋಬೇಡಿ. ನೀರು ಮಣ್ಣು, ಸಿಮೆಂಟ್ ಮಧ್ಯೆ ಹದಿನೆಂಟಡಿ ನಡ್ಕೊಂಡು ಬರೋವಾಗ ಉಪ್ಪು ಎತ್ಕೊಂಡೇ ಬರತ್ತೆ. ಬೋರ್‌ದಲ್ಲ ಅನ್ನೋದಕ್ಕೆ ಆ ನಂಬರ್ ಸಾಕು, ಸಂಪಿಂದೇ ಅನ್ನೋಕೆ ಸಾಲ್ದು. ಸಾಕ್ಷಿ ಅಂದ್ರೆ ಕೋಲು.

ಆ ಪೈಪನ್ನ ಯಾವಾಗಾದ್ರೂ ಬದಲಾಯ್ಸಿದ್ರಾ?

ಹಳೇ ಮಾರುತಿ:
ಎರಡು ವರ್ಷದ ಹಿಂದೆ. ಮೋಟರ್ ಸುಟ್ಟೋಯ್ತು, ಹೊಸ ಮೋಟರ್ ಜೊತೆ ಹಳೇ ಜಿಐ ಪೈಪ್ ತೆಗ್ದು ಪಿವಿಸಿ ಎಳ್ದ್ರು. ತೇವ ಶುರುವಾಗಿದ್ದೂ ಆವಾಗ್ಲೇ, ಈಗ ಹೊಳೀತಿದೆ.

ಸೈಟ್ ಇಂಜಿನಿಯರಮ್ಮ:
ಹಳೇ ದಪ್ಪ ಪೈಪ್ ತೂತಲ್ಲಿ ಸಣ್ಣ ಪಿವಿಸಿ ತೂರಿಸಿ ಸುತ್ತ ಒಂದು ಮುಷ್ಟಿ ಸಿಮೆಂಟ್ ಮೆತ್ತಿರ್ತಾರೆ. ಪಿವಿಸಿ ನುಣುಪು, ಸಿಮೆಂಟ್ ಅದಕ್ಕೆ ಕಚ್ಚಲ್ಲ, ಮೋಟರ್ ಅದುರಿದಾಗೆಲ್ಲ ಬಿಡ್ಕೊಳತ್ತೆ. ಹೊರಗೆ ಬಂದ್ ನೀರು ಪೈಪ್ ಹೂಳೋಕೆ ತೋಡಿದ್ ಗುಂಡಿಯ ಮರಳಲ್ಲಿ ಆರಾಮಾಗಿ ಹರ್ಕೊಂಡು ಹೋಗಿ ಪೈಪ್ ಮೇಲೇಳೋ ಕಡೆ, ಅಂದ್ರೆ ನಿಮ್ಮ ಮೂಲೇಲಿ, ತಲೆ ಎತ್ತತ್ತೆ. ಆ ಸಾಲು ನಿಮ್ಮ ನೆಲದ ಕೆಳಗಿನ ಗುಪ್ತ ಚರಂಡಿ.

ಇವತ್ತೇ ಮಾಡ್ಬಹುದಾದ್ದು, ಬಿಟ್ಟಿ: ಸಂಪಿನ ಬಾಲ್ ಕಾಕ್ ಫ್ಲೋಟನ್ನ (ಸಂಪ್ ತುಂಬಿದಾಗ ತೇಲಿ ನೀರು ನಿಲ್ಸೋ ಚೆಂಡು) ಒಂದಡಿ ಕೆಳಗೆ ಇಳಿಸಿ. ತೂತಿನ ಮಟ್ಟಕ್ಕೆ ನೀರೇ ಏರಲ್ಲ. ಸುಮಾರು 850 ಲೀಟರ್ ಜಾಗ ಹೋಗತ್ತೆ, ಹೋಗ್ಲಿ. ಹತ್ತು ದಿನ ಮೂಲೆ ಒಣಗ್ತಾ ಬಂದ್ರೆ ಆಮೇಲೆ ಸಂಪ್ ಖಾಲಿ ಮಾಡಿ ರಿಪೇರಿ. ನೆಲ ಒಡೆಯೋದು ಬೇಡ್ವೇ ಬೇಡ.

ನಾಲೆ ಏರಿ ಮ್ಯಾಲೆ:
ಒಳ್ಳೇ ಪತ್ತೇದಾರಿ ನಡೀತಾ ಅದೆ ಇಲ್ಲಿ. ಮುಂದ್ಗಡೆ ಮಳೆ ನೀರಿನ ಕತೆ ಏನಾಯ್ತು?

ಹಳೇ ಮಾರುತಿ:
ಅದಕ್ಕೇ ಬರ್ತಿದ್ದೆ. ಮೇಸ್ತ್ರಿ ಹತ್ರ ಟ್ಯೂಬ್ ಲೆವೆಲ್ (ಎರಡು ಜಾಗದ ಮಟ್ಟ ಹೋಲಿಸೋಕೆ ನೀರು ತುಂಬಿದ ಉದ್ದ ಟ್ಯೂಬು) ಇಸ್ಕೊಂಡು ಬಂದು ಅಪ್ಪ ರೋಡಲ್ಲಿ, ನಾನು ಶಟರ್ ಹತ್ರ ಹಿಡ್ಕೊಂಡ್ವಿ. ಟ್ಯೂಬಲ್ಲಿ ಗಾಳಿಗುಳ್ಳೆ ಇದ್ರೆ ಲೆವೆಲ್ ಸುಳ್ಳು ಹೇಳತ್ತೆ ಅಂತ ಗೊತ್ತಿಲ್ದೆ ಮೊದಲ ಸಲ ಏನೇನೋ ಬಂತು. ಎರಡನೇ ಸಲ ಸರಿ ಬಂತು: ರಸ್ತೆ ಅಂಚು ನಮ್ಮ ಶೆಡ್ ನೆಲಕ್ಕಿಂತ 5 ಇಂಚು ಮೇಲಿದೆ. ಎದುರುಮನೆ ಗೇಟಿಗೆ ಮೂರು ಮೆಟ್ಲಿತ್ತು ನಾನು ಸ್ಕೂಲಿಗೆ ಹೋಗೋವಾಗ, ಅದರ ಮೇಲೆ ಕೂತು ಬಸ್ಸಿಗೆ ಕಾಯ್ತಿದ್ವಿ. ಈಗ ಒಂದೂವರೆ ಮೆಟ್ಲು ಕಾಣತ್ತೆ. ಹಳೇ ಟಾರ್ ಕೆರೆಯದೇ ಮೇಲಿಂದ ಮೇಲೆ ಹಾಕ್ಕೊಂಡೇ ಬಂದಿದಾರೆ, ರಸ್ತೆ ಬೆಳೀತು, ನಮ್ಮನೆ ಹೂತೋಯ್ತು.

ನಿವೃತ್ತ ಮೇಷ್ಟ್ರು:
ತಾರಸಿ ಪೈಪು ಎಲ್ಲಿ ಬೀಳತ್ತೆ?

ಹಳೇ ಮಾರುತಿ:
ಮುಂದಿನದು ಇಳಿಜಾರಿನ ಮೇಲೇ ಸಾರ್. ಮೊದಲ ಮಹಡಿ ಮೇಲಿಂದ ಧಾರೆ.

ಸೈಟ್ ಇಂಜಿನಿಯರಮ್ಮ:
ತಾರಸಿ 900 ಚದರಡಿ ಅಂದ್ಕೊಳ್ಳಿ, ಒಂದು ಇಂಚು ಮಳೆಗೆ ಸುಮಾರು 2,000 ಲೀಟರ್ ಬೀಳತ್ತೆ. ಅರ್ಧ ಆ ಪೈಪಿಗೆ ಬಂದ್ರೂ 1,000 ಲೀಟರ್ ನೀವೇ ಕೈಯಾರೆ ಶಟರ್ ಮುಂದೆ ಸುರೀತಿದೀರ, ರಸ್ತೆನ ಬೈದು ಏನ್ ಪ್ರಯೋಜನ. ಮೊದ್ಲು ಆ ಪೈಪನ್ನ ತಿರುಗ್ಸಿ. ಮಳೆನೀರನ್ನ ಯುಜಿಡಿ (ಒಳಚರಂಡಿ) ಚೇಂಬರಿಗೆ ಮಾತ್ರ ಸೇರಿಸ್ಬೇಡಿ, ಜೋರು ಮಳೇಲಿ ಅದು ಉಕ್ಕಿ ನಿಮ್ಮ ಬಚ್ಚಲಿಗೇ ವಾಪಸ್ ಬರತ್ತೆ. ಡ್ರಮ್ಮಿಗೋ ಇಂಗುಗುಂಡಿಗೋ ಬಿಡ್ಬಹುದು, ಆದ್ರೆ ಗುಂಡಿ ಪಾಯದಿಂದ ದೂರ ಇರ್ಲಿ. ಪಾಯದ ಬುಡಕ್ಕೇ ಇಂಗುಗುಂಡಿ ತೋಡಿ ಆಮೇಲೆ ಗೋಡೆ ತೇವ ಅಂತ ಕರೆದವ್ರ ಮನೆಗೂ ಹೋಗಿದೀನಿ ನಾನು.

ಆಮೇಲೆ ಎರಡು ಕೆಲ್ಸ. ಗೇಟಲ್ಲಿ ರಸ್ತೆ ಅಂಚಿಗೆ ಮೂರಿಂಚು ಉಬ್ಬು, ಎರಡೂ ಕಡೆ ನಿಧಾನಕ್ಕೆ ಇಳಿಸಿ, ಇಲ್ದಿದ್ರೆ ಕಾರಿನ ಹೊಟ್ಟೆ ಉಜ್ಜತ್ತೆ. ಶಟರ್ ಮುಂದೆ ಅಡ್ಡಕ್ಕೆ ಜಾಲರಿ ಚರಂಡಿ. ನಿಮ್ಮ ರಸ್ತೆ ಚರಂಡಿ ಎಷ್ಟು ಆಳ?

ಹಳೇ ಮಾರುತಿ:
ಅಂಚಿಂದ 18 ಇಂಚು.

ಸೈಟ್ ಇಂಜಿನಿಯರಮ್ಮ:
ಅದೃಷ್ಟವಂತರು. ಶೆಡ್ ನೆಲದ ಲೆಕ್ಕದಲ್ಲಿ ರಸ್ತೆ ಚರಂಡಿ ತಳ 13 ಇಂಚು ಕೆಳಗಾಯ್ತು. ನಿಮ್ಮ ಜಾಲರಿ ಚರಂಡಿ 6ರಿಂದ ಶುರುಮಾಡಿ ಹೊರಗೆ ಹೋಗೋ ಕಡೆ 8 ಇಂಚು ಆಳ ಇಡಿ, ಅಲ್ಲಿಂದ ಹದಿನೈದಡಿ ಪೈಪಿಗೆ ನೂರಕ್ಕೆ ಒಂದರ ಓಟ (ಇಳಿಜಾರು) ಕೊಟ್ರೆ ಎರಡಿಂಚು, ಒಟ್ಟು 10. ಇನ್ನೂ ಮೂರಿಂಚು ಉಳೀತು, ಪಂಪ್ ಗಿಂಪ್ ಬೇಡ. ಆದ್ರೆ ರಸ್ತೆ ಚರಂಡಿ ತುಂಬಿದ್ರೆ ಅದೇ ಪೈಪಲ್ಲಿ ನೀರು ಒಳಗೆ ಬರತ್ತೆ, ಹೊರತುದಿಗೆ ಫ್ಲಾಪ್ ಇರೋ ನಾನ್ ರಿಟರ್ನ್ ವಾಲ್ವ್ ಮರೀಬೇಡಿ, ಎಲೆ ಸಿಕ್ಕಾಕೊಳ್ಳತ್ತೆ, ಆಗಾಗ ಕೈ ಹಾಕಿ ತೆಗೀಬೇಕು. ಫ್ಲಾಪ್ ಮುಚ್ಚಿರೋ ಅಷ್ಟೊತ್ತು ನಿಮ್ಮ ನೀರೂ ಹೊರಗೆ ಹೋಗಲ್ಲ, ತಾರಸಿ ಪೈಪ್ ಮೊದ್ಲು ತಿರುಗ್ಸಿ ಅಂದಿದ್ದು ಅದಕ್ಕೇ.

ಬೋಗಾದಿಯವ:
ಜಾಲರಿ ಎಂಎಸ್ (ಸಾದಾ ಉಕ್ಕು) ಆಂಗಲ್‌ದು ಮಾಡ್ಸಿ, ಎತ್ತೋಕಾಗೋ ಹಾಗೆ ಎರಡು ತುಂಡು. ನಮ್ಮನೇಲಿ ಒಂದೇ ಉದ್ದಕ್ಕೆ ಮಾಡ್ಸಿ ಈಗ ಕ್ಲೀನ್ ಮಾಡ್ಬೇಕಂದ್ರೆ ಭಾವಮೈದುನ ಊರಿಂದ ಬರ್ಬೇಕು.

(ಐದು ವಾರ ಆದ್ಮೇಲೆ)

ಹಳೇ ಮಾರುತಿ:
ತಡ ಆಯ್ತು, ಮೇಸ್ತ್ರಿ ಮದುವೆ ಸೀಸನ್ ಅಂತ ಕೈ ಕೊಟ್ಟಿದ್ರು. ಫ್ಲೋಟ್ ಇಳಿಸಿದ್ ಎಂಟನೇ ದಿನಕ್ಕೆ ಮೂಲೆ ಬಣ್ಣ ಬದಲಾಯ್ತು, ಹನ್ನೆರಡನೇ ದಿನ ಅಪ್ಪ ಅಲ್ಲಿ ಪೇಪರ್ ಹಾಸಿ ರಾತ್ರಿ ಬಿಟ್ಟು ಬೆಳಿಗ್ಗೆ ಎತ್ತಿ ಕೆನ್ನೆಗೆ ಒತ್ಕೊಂಡು ನೋಡಿದ್ರು, ಒಣಗಿತ್ತು. ಆಮೇಲೆ ಸಂಪ್ ಖಾಲಿ ಮಾಡ್ಸಿ, ಫ್ಯಾನ್ ಬಿಟ್ಟು, ಇಬ್ರು ಮೇಲೆ ನಿಂತು, ಮೇಸ್ತ್ರಿ ಇಳಿದ್ರು. ಉಳಿಯಲ್ಲಿ ಎರಡೇಟು ಹಾಕಿದ್ ಕೂಡ್ಲೇ ಪೈಪ್ ಸುತ್ತಿನ ಸಿಮೆಂಟ್ ಬಳೆ ಥರ ಇಡಿಯಾಗಿ ಕಳಚ್ಕೊಂಡು ಕೈಗೆ ಬಂತು. ಹಿಂದೆ ಏನು ತುಂಬಿದ್ರು ಗೊತ್ತಾ, ಸಿಮೆಂಟ್ ಚೀಲದ ಕಾಗದ ಉಂಡೆ ಮಾಡಿ ತುರುಕಿದ್ರು! ಪೂರ್ತಿ ಬಿಡಿಸಿ, ಪೈಪನ್ನ ಮರಳುಕಾಗದದಲ್ಲಿ ಉಜ್ಜಿ ಒರಟು ಮಾಡಿ, ನೀರು ತಾಗಿದ್ರೆ ಉಬ್ಬೋ ಪಟ್ಟಿ ಸುತ್ತಿ, ಕುಗ್ಗದೇ ಇರೋ ಗ್ರೌಟ್ ಎರಡೂ ಕಡೆಯಿಂದ ತುಂಬಿದ್ರು. ಮೋಟರ್ ಕೆಳಗೆ ರಬ್ಬರ್ ಪ್ಯಾಡ್. ಗೋಡೆ ಹಳೇ ಕೋಟಿಂಗ್ ಕೆರೆದು ಹಾಗೇ ಬಿಟ್ಟಿದೀವಿ, ಒಣಗೋಕೆ ಇನ್ನೂ ತಿಂಗಳುಗಟ್ಲೆ ಬೇಕಂತೆ.

ಮುಂದಿನ ಕೆಲ್ಸ, ಜಾಲರಿ, ಉಬ್ಬು, ತಾರಸಿ ಪೈಪು ತಿರುಗ್ಸಿದ್ದು, ವಾಲ್ವ್ ಎಲ್ಲ ಸೇರಿ 31,000 ಆಯ್ತು, ಸಂಪಿನದು 6,500. ಮೊನ್ನೆ ರಾತ್ರಿ ಅಕಾಲ ಮಳೆ ಬಂತಲ್ಲ, ಒಂದೂವರೆ ಗಂಟೆ ಸುರೀತು. ಅಪ್ಪ ಛತ್ರಿ ಹಿಡ್ಕೊಂಡು ಗೇಟ್ ಹತ್ರಾನೇ ನಿಂತಿದ್ರು, ಕೈಲಿ ಕುಂಕುಮದ ಬಟ್ಟಲು. ಅಮ್ಮ ಬೈದ್ರೂ ಕೇಳ್ಲಿಲ್ಲ, ಉಬ್ಬಿನ ಆಕಡೆ ರಸ್ತೆಗೆ ಸುರಿದು ಟಾರ್ಚ್ ಬಿಟ್ಟು ನೋಡಿದ್ರು. ಕೆಂಪು ಪೂರ್ತಿ ಚರಂಡಿ ಕಡೆ ಹೋಯ್ತು. ಶಟರ್ ಒಳಗೆ ಬಂದಿದ್ದು ಒಂದು ಕಪ್ಪೆ.

ನಾಲೆ ಏರಿ ಮ್ಯಾಲೆ:
ಕಪ್ಪೆಗೆ ವಾಲ್ವ್ ಇಲ್ಲ ಬುಡಿ. ಆ ಉಬ್ಬೋ ಪಟ್ಟಿ ಯಾವ ಅಂಗ್ಡೀಲಿ ಸಿಕ್ತು? ನಮ್ಮ ಮನೆ ಸಂಪಿಗೂ ಇವತ್ತು ಕೋಲ್ ಇಳ್ಸುವ ಅಂತಿವ್ನಿ, ಯಾಕೋ ಅನುಮಾನ ಬಂದದೆ.